ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ತೋಟದ ಕೈಗೆ ತಡೆಯತ್ತಾ? ಏನು ನೋಡಿ ತಗೋಬೇಕು?

ತೋಟದಮನೆ, ತೀರ್ಥಹಳ್ಳಿ ಕಡೆ

ಮದುವೆಗೆ ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ತಗೊಳ್ಳೋ ಯೋಚನೆ ಇದೆ. ಹಾಕಿಕೊಳ್ಳೋರು ಅಡಿಕೆ ತೋಟದಲ್ಲಿ ದಿನವೂ ಕೈ ಹಾಕಿ ಕೆಲಸ ಮಾಡೋರು. ಕತ್ತಿ, ಗುದ್ದಲಿ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ, ಕೊಯ್ಲಿನಲ್ಲಿ ಅಡಿಕೆ ಬೇಯಿಸಿದ ಚೊಗರು, ಎಲ್ಲದರಲ್ಲೂ ಕೈ ಇರತ್ತೆ. 22 ಕ್ಯಾರಟ್ ಚಿನ್ನ ಈ ಕೆಲಸಕ್ಕೆ ಬೇಗ ಸೊಟ್ಟಗಾಗತ್ತೆ, ಗೀರು ಬೀಳತ್ತೆ. ಟಂಗ್‌ಸ್ಟನ್‌ಗೆ ಗೀರೇ ಬೀಳಲ್ಲ, ಜೀವಮಾನ ಬರತ್ತೆ ಅಂತ ಮಾರೋರು ಹೇಳ್ತಾರೆ. 800 ರೂಪಾಯಿಗೂ ಸಿಗತ್ತೆ, 8000ಕ್ಕೂ ಸಿಗತ್ತೆ, ನೋಡೋಕೆ ಎರಡೂ ಒಂದೇ. ವ್ಯತ್ಯಾಸ ಎಲ್ಲಿದೆ? ಬೆರಳು ಊದಿದರೆ ಕತ್ತರಿಸೋಕೆ ಆಗಲ್ಲ ಅನ್ನೋದು ನಿಜವಾ? ಗೊತ್ತಿರೋರು ಬಿಡಿಸಿ ಹೇಳಿ.

ಮಾಚೇನಹಳ್ಳಿ ಲೇತ್

ಮೊದಲು ಇದು ಯಾವ ವಸ್ತು ಅಂತ ತಿಳ್ಕೊಳ್ಳಿ. ಟಂಗ್‌ಸ್ಟನ್ ಲೋಹ ಬೇರೆ, ಅದಕ್ಕೆ ಇಂಗಾಲ ಸೇರಿ ಆಗೋ ಟಂಗ್‌ಸ್ಟನ್ ಕಾರ್ಬೈಡ್ ಬೇರೆ. ಅಂಗಡಿಯಲ್ಲಿ "ಟಂಗ್‌ಸ್ಟನ್ ಉಂಗುರ" ಅಂತ ಕೊಡೋದೆಲ್ಲ ಕಾರ್ಬೈಡೇ. ನಮ್ಮ ಕಡೆ ಯಾವ ಲೇತ್ ಶಾಪಿಗೆ ಹೋದರೂ ಇದನ್ನ "ವಿಡಿಯಾ" ಅಂತಾರೆ. ವಿಡಿಯಾ ಟಿಪ್, ಗೋಡೆ ಕೊರೆಯೋ ವಿಡಿಯಾ ಬಿಟ್, ಎಲ್ಲ ಅದೇ ಕುಲ. ಬೋರ್‌ವೆಲ್ ಲಾರಿಯ ಬಿಟ್‌ನ ಮುಖದಲ್ಲಿ ಗುಂಡಿ ಗುಂಡಿಯಾಗಿ ಕೂತಿರತ್ತಲ್ಲ, ಕರಿಕಲ್ಲು ಪುಡಿ ಮಾಡೋದು, ಅದೂ ಇದೇ.

1923ರಲ್ಲಿ ಜರ್ಮನಿಯ ಓಸ್ರಾಮ್ ಕಂಪನಿಯಲ್ಲಿ ಕಾರ್ಲ್ ಶ್ರೋಟರ್ ಕಾರ್ಬೈಡ್ ಪುಡಿಯನ್ನ ಕೋಬಾಲ್ಟ್ ಜತೆ ಬೇಯಿಸಿ ಗಟ್ಟಿ ಮಾಡೋ ವಿಧಾನಕ್ಕೆ ಪೇಟೆಂಟ್ ಹಾಕಿದರು. ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ್ದೂ ಅದೇ ವರ್ಷ. ಆಮೇಲೆ ಕ್ರುಪ್ ಕಂಪನಿ ಅದನ್ನ "ವಿಡಿಯಾ" ಅನ್ನೋ ಹೆಸರಲ್ಲಿ ಮಾರಿತು. ಜರ್ಮನ್‌ನಲ್ಲಿ "ವಜ್ರದ ಹಾಗೆ" ಅಂತ ಅದರ ಅರ್ಥ. 1960ರ ದಶಕದಲ್ಲಿ ಬೆಂಗಳೂರಿನ ತುಮಕೂರು ರಸ್ತೆಗೆ ವಿಡಿಯಾ ಕಾರ್ಖಾನೆ ಬಂದ ಮೇಲೆ ಕಂಪನಿಯ ಹೆಸರೇ ನಮ್ಮ ಕಡೆ ವಸ್ತುವಿನ ಹೆಸರಾಗಿ ಉಳಕೊಂಡಿತು.

ಈಗ ನಿಮ್ಮ ಪ್ರಶ್ನೆ. ವಿಡಿಯಾ ಟಿಪ್ ಕೈಯಲ್ಲಿ ಹಿಡಿದ ಯಾರಿಗಾದರೂ ಒಂದು ವಿಷಯ ಗೊತ್ತಿರತ್ತೆ. ಉಕ್ಕನ್ನ ಬೆಣ್ಣೆ ಹಾಗೆ ಕೊಯ್ಯತ್ತೆ, ಆದರೆ ಸಿಮೆಂಟ್ ನೆಲಕ್ಕೆ ಬಿದ್ದರೆ ಮೂಲೆ ಹಾರಿ ಹೋಗತ್ತೆ. ಗಡಸು ಬೇರೆ, ಗಟ್ಟಿಮುಟ್ಟು ಬೇರೆ. ಇದು ಗಡಸು, ಜತೆಗೆ ಪೆಡಸು. ಚಿನ್ನಕ್ಕೆ ಪೆಟ್ಟು ಬಿದ್ದರೆ ಬಗ್ಗತ್ತೆ. ಇದು ಬಗ್ಗಲ್ಲ. ತಡೆಯೋ ತನಕ ತಡೆಯತ್ತೆ, ಆಮೇಲೆ ಒಂದೇ ಸಲ ಬಿರಿಯತ್ತೆ.

ಗಡಸು ಅಳೆಯೋ ವಿಕರ್ಸ್ ಲೆಕ್ಕದಲ್ಲಿ 22 ಕ್ಯಾರಟ್ ಚಿನ್ನ ನೂರರ ಆಸುಪಾಸು ಅಥವಾ ಇನ್ನೂ ಕಡಿಮೆ. ಹದ ಹಾಕಿದ ಕತ್ತಿಯ ಬಾಯಿ 600ರಿಂದ 700. ಮಣ್ಣಿನ ಮರಳಲ್ಲಿರೋ ಸ್ಫಟಿಕ ಸಾವಿರದ ಮೇಲೆ. ಉಂಗುರದ ಕಾರ್ಬೈಡ್ 1300ರಿಂದ 1600. ಹಾಗಾಗಿ ಗುದ್ದಲಿ ಹಿಡಿ, ಜಂಬಿಟ್ಟಿಗೆ, ಮರಳು, ಪಾತ್ರೆ ಇವು ಯಾವುವೂ ಇದಕ್ಕೆ ಗೀರು ಹಾಕಲ್ಲ. ಆದರೆ "ಗೀರೇ ಬೀಳಲ್ಲ" ಅನ್ನೋದು ಸುಳ್ಳು. ಎಮರಿ ಪೇಪರ್, ಗ್ರೈಂಡಿಂಗ್ ವೀಲ್, ನೀಲ ಮಾಣಿಕ್ಯದಂಥ ಹರಳು, ವಜ್ರ, ಇವೆಲ್ಲ ಕಾರ್ಬೈಡಿಗಿಂತ ಗಡಸು, ಗೀರು ಹಾಕೇ ಹಾಕ್ತವೆ. ಸಿಲಿಕಾನ್ ಕಾರ್ಬೈಡ್ ಪೇಪರಲ್ಲಿ ಹತ್ತು ಸಲ ಉಜ್ಜಿ ನೋಡಿ, ಕನ್ನಡಿ ಹೊಳಪು ಮಂಕಾಗತ್ತೆ.

ಪುಡಿಲೋಹ

800ಕ್ಕೂ 8000ಕ್ಕೂ ವ್ಯತ್ಯಾಸ ಎಲ್ಲಿ ಅಂದರೆ ತಯಾರಿಕೆಯಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಉಂಗುರ ಒಡೆಯಲು ಕಾರಣವೂ ಅಲ್ಲೇ ಇದೆ.

ಟಂಗ್‌ಸ್ಟನ್ ಕರಗುವುದು 3422 ಡಿಗ್ರಿ ಸೆಲ್ಸಿಯಸ್‌ಗೆ. ಕಾರ್ಬೈಡನ್ನು ಚಿನ್ನದಂತೆ ಕರಗಿಸಿ ಎರಕ ಹೊಯ್ದು ಉಂಗುರ ಮಾಡುವುದಿಲ್ಲ, ಪುಡಿಯಿಂದಲೇ ಮಾಡುತ್ತಾರೆ. ಶೀಲೈಟ್ ಅಥವಾ ವುಲ್ಫ್ರಮೈಟ್ ಅದಿರನ್ನು ಶುದ್ಧೀಕರಿಸಿ, ಆಕ್ಸೈಡ್ ಮಾಡಿ, ಹೈಡ್ರೋಜನ್ ಹಾಯಿಸಿ ಕಾಯಿಸಿದರೆ ಬೂದು ಬಣ್ಣದ ಟಂಗ್‌ಸ್ಟನ್ ಪುಡಿ ಸಿಗುತ್ತದೆ. (ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳಲ್ಲಿಯೂ ಶೀಲೈಟ್ ಇದೆ. ಆದರೆ ಜಗತ್ತಿನ ಟಂಗ್‌ಸ್ಟನ್‌ನ ಬಹುಪಾಲು ಬರುವುದು ಚೀನಾದಿಂದ.) ಆ ಪುಡಿಗೆ ನುಣ್ಣನೆಯ ಇಂಗಾಲ ಬೆರೆಸಿ 1400ರಿಂದ 1600 ಡಿಗ್ರಿಯಲ್ಲಿ ಕಾಯಿಸಿದಾಗ ಅದು ಕಾರ್ಬೈಡ್ ಆಗುತ್ತದೆ. ತೂಕದಲ್ಲಿ ಇಂಗಾಲ 6.13 ಶೇಕಡಾ. ಈ 6.13 ಅನ್ನುವ ಸಂಖ್ಯೆ ಮುಂದೆ ಮತ್ತೆ ಬರುತ್ತದೆ.

ಕಾರ್ಬೈಡ್ ಕಣಗಳು ತಾವಾಗಿ ಅಂಟುವುದಿಲ್ಲ. ಅದಕ್ಕೆ ಅಂಟುಲೋಹ ಬೇಕು: ಕೋಬಾಲ್ಟ್ ಅಥವಾ ನಿಕಲ್, 6ರಿಂದ 15 ಶೇಕಡಾ. ಗೋಡೆಗೆ ಕಲ್ಲು ಜೋಡಿಸಿ ಗಾರೆ ತುಂಬಿದ ಹಾಗೆ ಅಂದುಕೊಳ್ಳಿ. ಕಲ್ಲು ಕಾರ್ಬೈಡ್, ಗಾರೆ ನಿಕಲ್. ಎರಡನ್ನೂ ಗುಂಡುಗಳು ಉರುಳಿ ಅರೆಯುವ ಬಾಲ್ ಮಿಲ್ಲಿನಲ್ಲಿ ಆಲ್ಕೊಹಾಲ್‌ನಂಥ ದ್ರವದ ಜತೆ ಹಲವು ಗಂಟೆ ಅರೆದು, 2 ಶೇಕಡಾದಷ್ಟು ಮೇಣ ಸೇರಿಸಿ, ಒಣಗಿಸಿ ರವೆಯಂತೆ ಮಾಡುತ್ತಾರೆ. ರವೆಯಾಗಿದ್ದರೆ ಅಚ್ಚಿನಲ್ಲಿ ಸಮನಾಗಿ ಹರಿದು ತುಂಬುತ್ತದೆ. ನುಣ್ಣನೆ ಹಿಟ್ಟಾಗಿದ್ದರೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ಪೊಳ್ಳು.

ಈಗ ಅಳತೆ. ಒಳವ್ಯಾಸ 20 ಮಿಲಿಮೀಟರ್, ಹೊರವ್ಯಾಸ 24.4, ಅಗಲ 6 ಇರುವ ಒಂದು ಉಂಗುರ ತೆಗೆದುಕೊಳ್ಳೋಣ. ಕುಲುಮೆಯಲ್ಲಿ ಬೆಂದ ಮೇಲೆ ಉಜ್ಜಿ ತೆಗೆಯಲು ಒಳಗೂ ಹೊರಗೂ ವ್ಯಾಸದಲ್ಲಿ, ಅಗಲದಲ್ಲೂ 0.3 ಮಿಮೀ ಬಿಡಬೇಕು. ಅಂದರೆ ಬೆಂದ ಉಂಗುರ ಒಳಗೆ 19.7, ಹೊರಗೆ 24.7, ಅಗಲ 6.3. ಬೇಯುವಾಗ ಎಲ್ಲಾ ದಿಕ್ಕಿಗೂ ಸುಮಾರು 18 ಶೇಕಡಾ ಕುಗ್ಗುತ್ತದೆ. ಆದ್ದರಿಂದ 0.82ರಿಂದ ಭಾಗಿಸಿ. ಇನ್ನೂ ಬೇಯದ ಹಸಿ ಉಂಗುರದ ಒಳವ್ಯಾಸ 24.0, ಹೊರವ್ಯಾಸ 30.1, ಅಗಲ 7.7. ಬೆರಳಿಗೆ ದೊಗಳೆಯಾಗುವಷ್ಟು ದೊಡ್ಡದು. ಇದಕ್ಕೆ ಮೇಣ ಸೇರಿ 16.3 ಗ್ರಾಂ ಪುಡಿ ಬೇಕು. ಒತ್ತುವ ಮುಖದ ವಿಸ್ತೀರ್ಣ ಸುಮಾರು 260 ಚದರ ಮಿಮೀ. 150 ಮೆಗಾಪ್ಯಾಸ್ಕಲ್ ಒತ್ತಡ ಅಂದರೆ 4 ಟನ್ ಬಲ. ಒತ್ತಿ ಹೊರತೆಗೆದ ಹಸಿ ಉಂಗುರ ಬಳಪದಂತೆ ಇರುತ್ತದೆ, ಉಗುರಿನಿಂದ ಗೀಚಬಹುದು, ಬೆರಳಲ್ಲಿ ಹಿಚುಕಿದರೆ ಮುರಿಯುತ್ತದೆ.

ನಂತರ ಕುಲುಮೆ. ಮೊದಲು 300ರಿಂದ 500 ಡಿಗ್ರಿವರೆಗೆ ನಿಧಾನವಾಗಿ ಏರಿಸಿ ಮೇಣ ಹೊರಹಾಕಬೇಕು. ಇಲ್ಲಿ ಅವಸರ ಮಾಡಿದರೆ ಮೇಣ ಆವಿಯಾಗಿ ಒಳಗಿಂದ ಒದ್ದು ಕೂದಲೆಳೆಯ ಬಿರುಕು ಬಿಡುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಉಂಗುರ ನೆಲಕ್ಕೆ ಬಿದ್ದ ದಿನ ಕಾಣುತ್ತದೆ. ಆಮೇಲೆ ನಿರ್ವಾತದಲ್ಲಿ 1400ರಿಂದ 1450 ಡಿಗ್ರಿ. ನಿಕಲ್ ಒಂದೇ ಇದ್ದರೆ 1455ಕ್ಕೆ ಕರಗುತ್ತದೆ. ಟಂಗ್‌ಸ್ಟನ್ ಮತ್ತು ಇಂಗಾಲ ಅದರೊಳಗೆ ಸೇರಿದಾಗ ಇನ್ನೂ ಮೊದಲೇ ಕರಗಿ, ಕಣಗಳ ಸಂದಿಗೆಲ್ಲ ಹರಿದು, ಎಲ್ಲವನ್ನೂ ಒತ್ತಾಗಿ ಎಳೆದುಕೊಳ್ಳುತ್ತದೆ. ಕುಗ್ಗುವುದು ಆಗಲೇ. ಒಳ್ಳೆಯ ತಯಾರಕರು ಕೊನೆಯಲ್ಲಿ ಆರ್ಗಾನ್ ಅನಿಲವನ್ನು 50ರಿಂದ 100 ಬಾರ್ ಒತ್ತಡದಲ್ಲಿ ತುಂಬಿ, ಉಳಿದ ಸೂಕ್ಷ್ಮ ರಂಧ್ರಗಳನ್ನೂ ಮುಚ್ಚುತ್ತಾರೆ. ಅಗ್ಗದ ಉಂಗುರದಲ್ಲಿ ಈ ಹಂತ ಇರುವುದಿಲ್ಲ. ಒಂದೊಂದು ರಂಧ್ರವೂ ಬಿರುಕು ಹೊರಡುವ ಜಾಗ.

ಇನ್ನು ಆ 6.13. ಇಂಗಾಲ ಸ್ವಲ್ಪ ಕಡಿಮೆಯಾದರೆ ಈಟಾ ಅನ್ನುವ ಬೇರೆ ಸಂಯುಕ್ತ ಹುಟ್ಟಿ ಅಂಟುಲೋಹವನ್ನು ನುಂಗುತ್ತದೆ, ಉಂಗುರ ಗಾಜಿನ ಹಾಗೆ ಪೆಡಸಾಗುತ್ತದೆ. ಹೆಚ್ಚಾದರೆ ಗ್ರಾಫೈಟ್ ಕಪ್ಪು ಚುಕ್ಕೆಯಾಗಿ ಉಳಿದು, ಪಾಲಿಶ್ ಮಾಡಿದಾಗ ಸೂಜಿ ಚುಚ್ಚಿದ ಗುಳಿಗಳಂತೆ ಕಾಣುತ್ತದೆ. ಈ ಎರಡರ ನಡುವಿನ ಕಿಟಕಿ ತೀರಾ ಕಿರಿದು. 10 ಪಟ್ಟು ದೊಡ್ಡದಾಗಿ ತೋರಿಸುವ ಅಕ್ಕಸಾಲಿಗರ ಭೂತಗನ್ನಡಿಯಲ್ಲಿ ಹೊಳಪಿನ ಮುಖ ನೋಡಿ. ಗುಳಿ ಕಂಡರೆ ಆ ಉಂಗುರ ಬೇಡ.

ತೋಟದಮನೆ

ತುಂಬಾ ಉಪಯೋಗ ಆಯ್ತು. ಕೋಬಾಲ್ಟಾ ನಿಕಲ್ಲಾ ಅಂತ ಅಂಗಡಿಯಲ್ಲಿ ಕೇಳಿದರೆ "ಪ್ಯೂರ್ ಟಂಗ್‌ಸ್ಟನ್" ಅಂತಷ್ಟೇ ಹೇಳ್ತಾರೆ. ತೋಟದ ಕೆಲಸಕ್ಕೆ ಇದು ಅಷ್ಟು ಮುಖ್ಯವಾ?

ಮಾಚೇನಹಳ್ಳಿ ಲೇತ್

ತೋಟದ ಕೈಗೆ ಇದೇ ಎಲ್ಲಕ್ಕಿಂತ ಮುಖ್ಯ. ಟೂಲಿಗೆ ಕೋಬಾಲ್ಟೇ ಸರಿ, ಉಂಗುರಕ್ಕೆ ಅಲ್ಲ. ಹಸಿ ಮರ ಕೊಯ್ಯೋ ಗರಗಸದ ವಿಡಿಯಾ ಹಲ್ಲು ಒಣ ಮರ ಕೊಯ್ಯೋದಕ್ಕಿಂತ ಬೇಗ ಮೊಂಡಾಗತ್ತೆ. ಮರದ ಟ್ಯಾನಿನ್ (ಒಗರು ಕೊಡೋ ವಸ್ತು) ಮತ್ತು ಆಮ್ಲ ಕಣಗಳ ನಡುವಿನ ಕೋಬಾಲ್ಟನ್ನ ತಿಂದುಹಾಕ್ತವೆ. ಗಾರೆ ಹೋದ ಮೇಲೆ ಕಲ್ಲು ಉದುರದೆ ಇರತ್ತಾ? ಚೊಗರು ಅಂದರೆ ಟ್ಯಾನಿನ್‌ನ ಗಟ್ಟಿ ಕಷಾಯ. ಅದರಲ್ಲಿ ಕೋಬಾಲ್ಟ್ ಉಂಗುರ ಇರೋ ಕೈ ಅದ್ದಿದರೆ ಅದೇ ಕೆಲಸ ನಡೆಯತ್ತೆ. ಬೆವರಿಗೂ ಕೋಬಾಲ್ಟ್ ನಿಧಾನವಾಗಿ ಕರಗತ್ತೆ. ಮೇಲ್ಮೈ ಕಳೆಗುಂದತ್ತೆ, ಬೆರಳಿಗೆ ಬೂದು ಬಣ್ಣ ಹಿಡಿಯತ್ತೆ, ಕೆಲವರಿಗೆ ತುರಿಕೆ.

ಬೋರ್ಡೋ ವಿಷಯ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಹಾಕಿ ಮಾಡಿದ ಮೇಲೆ ಹೊಳೆಯೋ ಚಾಕು ಅದ್ದಿ ನೋಡ್ತಾರಲ್ಲ? ಚಾಕುವಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ. ಅಲ್ಲಿ ಆಗೋದು ಏನು? ದ್ರಾವಣದ ತಾಮ್ರ ಕಬ್ಬಿಣದ ಮೇಲೆ ಕೂರತ್ತೆ, ಕಬ್ಬಿಣ ಕರಗಿ ಹೋಗತ್ತೆ. ಕೋಬಾಲ್ಟ್, ನಿಕಲ್ ಎರಡೂ ಈ ವಿಷಯದಲ್ಲಿ ಕಬ್ಬಿಣದ ಸಾಲಿನವೇ. ನಿಕಲ್ ಮೇಲೆ ತೆಳು ರಕ್ಷಾಪದರ ಇರೋದರಿಂದ ನಿಧಾನ, ಅಷ್ಟೇ. ಸುಣ್ಣ ಸರಿ ಬಿದ್ದ ಮಿಶ್ರಣ ಅಷ್ಟು ತೊಂದರೆ ಕೊಡಲ್ಲ. ಆದರೆ ಮೈಲುತುತ್ತು ಕರಗಿಸೋ ಬಕೆಟ್ಟಿಗೆ ಯಾವ ಉಂಗುರದ ಕೈಯನ್ನೂ ಹಾಕಬೇಡಿ.

ಕೊನೆಗೆ, ತಗೊಳ್ಳೋದಾದರೆ ನಿಕಲ್ ಬೈಂಡರ್, ಅಂದರೆ ನಿಕಲ್ ಅಂಟುಲೋಹ ಇರೋದು ಮಾತ್ರ. ನಿಕಲ್ ಜತೆ ಸ್ವಲ್ಪ ಕ್ರೋಮಿಯಂ ಸೇರಿಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು, ತುಕ್ಕು ತಡೆಯೋ ಶಕ್ತಿ ಜಾಸ್ತಿ.

ಗಾಂಧಿ ಬಜಾರ್ ತಕ್ಕಡಿ

ಅಂಗಡಿಯವರ ಮಾತಿಗೆ ಕಾಯಬೇಕಿಲ್ಲ, ಎರಡು ಪರೀಕ್ಷೆ ಮನೆಯಲ್ಲೇ ಮಾಡಬಹುದು.

ಒಂದು, ಬಲವಾದ ನಿಯೋಡಿಮಿಯಂ ಮ್ಯಾಗ್ನೆಟ್. ಹಳೆಯ ಹಾರ್ಡ್ ಡಿಸ್ಕ್ ಒಳಗೆ ಸಿಗುತ್ತದೆ. ಉಂಗುರವನ್ನು ದಾರದಲ್ಲಿ ನೇತುಹಾಕಿ ಹತ್ತಿರ ತನ್ನಿ. ಕೋಬಾಲ್ಟ್ ಇದ್ದರೆ ಸ್ಪಷ್ಟವಾಗಿ ಎಳೆದುಕೊಳ್ಳುತ್ತದೆ. ನಿಕಲ್ ಬೈಂಡರ್ ಅಲುಗುವುದಿಲ್ಲ, ಇಲ್ಲವೇ ತೀರಾ ಮೆಲ್ಲಗೆ ಅಲುಗುತ್ತದೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಸಾಲದು.

ಇನ್ನೊಂದು, ಸಾಂದ್ರತೆ. ಇದು ಹೆಚ್ಚು ನಂಬಿಕೆಯದು. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಮೊದಲು ಒಣ ಉಂಗುರ ತೂಗಿ. ಮೇಲೆ ಹೇಳಿದ 20 ಮಿಮೀ ಉಂಗುರ, 10 ಶೇಕಡಾ ನಿಕಲ್ ಇದ್ದರೆ, 13.35 ಗ್ರಾಂ ಹತ್ತಿರ ಬರುತ್ತದೆ. ನಂತರ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಉಂಗುರವನ್ನು ಹೊಲಿಗೆ ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರೊಳಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 0.92 ತೋರಿಸುತ್ತದೆ. 13.35 ಭಾಗಿಸು 0.92, ಅಂದರೆ 14.5. ನಿಜವಾದ ಕಾರ್ಬೈಡ್ ಉಂಗುರ 14ರಿಂದ 15ರ ಒಳಗೆ ಬೀಳಬೇಕು. 8 ಬಂದರೆ ಸ್ಟೀಲ್. 6 ಬಂದರೆ ಜಿರ್ಕೋನಿಯಾ ಸೆರಾಮಿಕ್. 4.5 ಟೈಟಾನಿಯಂ. ನಡುವೆ ಎಲ್ಲೋ 10-12 ಬಂದರೆ ಅಗ್ಗದ ಟೈಟಾನಿಯಂ ಕಾರ್ಬೈಡ್ ಬೆರೆಸಿದ್ದಾರೆ ಅನ್ನಬಹುದು. ಉಂಗುರಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಗುಳ್ಳೆ ಕೂರುವುದಿಲ್ಲ. ಮರ ಕೂರಿಸಿದ ಉಂಗುರಕ್ಕೆ ಈ ಲೆಕ್ಕ ನಡೆಯುವುದಿಲ್ಲ.

ಚಿನ್ನಕ್ಕಿರುವ ಹಾಲ್‌ಮಾರ್ಕ್, ಅಂಕಿ-ಅಕ್ಷರ ಸೇರಿದ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ ಇದಕ್ಕೆ ಇಲ್ಲ. ಒಳಗೆ "ಟಂಗ್‌ಸ್ಟನ್" ಎಂದು ಕೆತ್ತಿದ್ದು ಬರೀ ಅಕ್ಷರ, ಯಾರೂ ಪರೀಕ್ಷೆ ಮಾಡಿ ಹಾಕಿದ ಮುದ್ರೆಯಲ್ಲ. ಮರುಮಾರಾಟದ ಬೆಲೆಯೂ ಇಲ್ಲ. ಚಿನ್ನ ಅಂದರೆ ಕಷ್ಟಕಾಲಕ್ಕೆ ಒದಗುವ ಒಡವೆ, ಇದು ಹಾಗಲ್ಲ.

ಈಗ ಅಳತೆ. ಇಲ್ಲಿ ತಪ್ಪಿದರೆ ತಿದ್ದಲು ದಾರಿಯೇ ಇಲ್ಲ. ಅಕ್ಕಸಾಲಿಗರು ಇದನ್ನು ಹಿಗ್ಗಿಸಲಾರರು, ಕತ್ತರಿಸಿ ಬೆಸುಗೆ ಹಾಕಲಾರರು. ಅಂಗಡಿಯ ಅಳತೆ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಹಾಗಾಗಿ ಒಳವ್ಯಾಸವನ್ನು ಮಿಲಿಮೀಟರಿನಲ್ಲೇ ಕೇಳಿ, ವರ್ನಿಯರ್‌ನಲ್ಲಿ ಅಳೆಯಿರಿ. ಅಮೆರಿಕನ್ ಲೆಕ್ಕದ ಅರ್ಧ ಸೈಜ್ ಅಂದರೆ ವ್ಯಾಸದಲ್ಲಿ 0.4 ಮಿಮೀ. ಆಷಾಢದ ಮಳೆಯಲ್ಲಿ ಬೆಳಗ್ಗೆ ಬೆರಳು ಸೊರಗಿರುತ್ತದೆ. ಆಗ ಅಳತೆ ಕೊಟ್ಟರೆ ಬೇಸಿಗೆಯಲ್ಲಿ ಬಿಗಿ. ಕೆಲಸ ಮುಗಿಸಿ, ಕೈ ತೊಳೆದು ಅರ್ಧ ಗಂಟೆ ಬಿಟ್ಟು ಸಂಜೆ ಅಳೆಯಿರಿ. ಎರಡು ಮೂರು ದಿನ ಅಳೆದು ದೊಡ್ಡದನ್ನು ಹಿಡಿಯಿರಿ. ಬೆರಳಿನ ಬುಡ ಅಲ್ಲ, ಗೆಣ್ಣು ದಾಟಬೇಕು. ಅಗಲ 8 ಮಿಮೀ ಆದರೆ ಅರ್ಧ ಸೈಜ್ ಹೆಚ್ಚು ಬೇಕು. ತೋಟದ ಕೈಗೆ 6 ಮಿಮೀ ಅಗಲ ಸಾಕು. ಅಂಚು ಚೂಪಾಗಿರದೆ ದುಂಡಗಿರಲಿ, ಒಳಮೈ ಸ್ವಲ್ಪ ಉಬ್ಬಿರಲಿ. ಬೆವರು, ನೀರು ಕೆಳಗೆ ನಿಲ್ಲುವುದಿಲ್ಲ. ದಪ್ಪ 2 ಮಿಮೀಗಿಂತ ಕಡಿಮೆ ಬೇಡ. ಅಳತೆ ಬದಲಿಸಿಕೊಡುತ್ತೇವೆ, ಒಡೆದರೆ ಬೇರೆ ಕೊಡುತ್ತೇವೆ ಅನ್ನುವುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಭದ್ರೆ ದಂಡೆ

ಟೈಟಾನಿಯಂ ಯಾಕೆ ಬೇಡ? ಹಗುರ, ಅಲರ್ಜಿ ಇಲ್ಲ, ಒಡೆಯಲ್ಲ, ಕತ್ತರಿಸಲೂಬಹುದು. ನಿಕಲ್ ಬೈಂಡರ್ ಅಂತೀರಿ, ನಿಕಲ್ ಅಲರ್ಜಿ ಎಷ್ಟೋ ಜನಕ್ಕೆ ಇರುತ್ತಲ್ಲ?

ಪುಡಿಲೋಹ

ಟೈಟಾನಿಯಂ ಒಳ್ಳೆಯ ಆಯ್ಕೆಯೇ, ಗೀರು ಬೀಳುವುದನ್ನು ಒಪ್ಪಿಕೊಂಡರೆ. ಅದರ ಗಡಸು ಕತ್ತಿಯ ಅರ್ಧ ಅಥವಾ ಇನ್ನೂ ಕಡಿಮೆ. ಆರು ತಿಂಗಳಿಗೆ ಮೈಯೆಲ್ಲ ನವಿರು ಗೆರೆ, ಆದರೆ ಆಕಾರ ಕೆಡುವುದಿಲ್ಲ.

ನಿಕಲ್ ಅಲರ್ಜಿಯ ಮಾತು ಸರಿ. ಒಳ್ಳೆಯ ನಿಕಲ್ ಬೈಂಡರ್ ಉಂಗುರದಲ್ಲಿ ನಿಕಲ್ ಗಟ್ಟಿಯಾಗಿ ಬಂಧಿತವಾಗಿ, ಚರ್ಮಕ್ಕೆ ಇಳಿಯುವುದು ಕಡಿಮೆ. ಯುರೋಪಿನ ನಿಯಮದಲ್ಲಿ ಚರ್ಮಕ್ಕೆ ಸದಾ ತಾಗುವ ಒಡವೆಯಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ ನಿಕಲ್‌ಗಿಂತ ಹೆಚ್ಚು ಹೊರಬರಬಾರದು. ಹೀಗೆ ಹೊರಬರುವ ನಿಕಲ್ ಅಳೆಯುವ ಇಎನ್ 1811 ಪರೀಕ್ಷೆಯ ವರದಿ ಇದೆಯಾ ಎಂದು ಕೇಳಬಹುದು. ಬೆಲ್ಟಿನ ಬಕಲ್ಲು, ಕೃತಕ ಓಲೆ ತಾಗಿದರೆ ಚರ್ಮ ಕೆಂಪಾಗುವವರು ಮಾತ್ರ ಕಾರ್ಬೈಡ್ ಉಂಗುರಕ್ಕೆ ಕೈ ಹಾಕುವುದು ಬೇಡ, ಶುದ್ಧ ಟೈಟಾನಿಯಂ ತೆಗೆದುಕೊಳ್ಳಲಿ.

ತುರ್ತು ವಿಭಾಗ

ಬೆರಳು ಊದಿದರೆ ಕತ್ತರಿಸಲಾಗದು ಅನ್ನುವುದು ಅರ್ಧ ನಿಜ. ಆಸ್ಪತ್ರೆಯಲ್ಲಿರುವ ಸಾಮಾನ್ಯ ಉಂಗುರ ಕಟರ್‌ಗೆ ಉಕ್ಕಿನ ಚಕ್ರ ಇರುತ್ತದೆ. ಅದು ಚಿನ್ನ ಬೆಳ್ಳಿಗೆ ಸರಿ, ಕಾರ್ಬೈಡ್ ಮೇಲೆ ಜಾರುತ್ತದೆ. ಆದರೆ ಕಾರ್ಬೈಡನ್ನು ಕತ್ತರಿಸಬೇಕಿಲ್ಲ, ಬಿರಿಯುವಂತೆ ಮಾಡಬೇಕು. ಅದಕ್ಕೆ ಲಾಕಿಂಗ್ ಪ್ಲಯರ್ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ವೈಸ್ ಗ್ರಿಪ್ ಎಂದು ಕೇಳಿದರೆ ಕೊಡುತ್ತಾರೆ.

ಕ್ರಮ ಹೀಗಿದೆ. ಇಬ್ಬರಿಗೂ ಕನ್ನಡಕ ಇರಲಿ, ಉಂಗುರದ ಮೇಲೆ ತೆಳು ಬಟ್ಟೆ ಹಾಸಿ, ಚೂರು ಹಾರುತ್ತದೆ. ಪ್ಲಯರಿನ ಬಾಯಿ ಉಂಗುರವನ್ನು ಸುಮ್ಮನೆ ತಾಗುವಂತೆ ಸ್ಕ್ರೂ ಹೊಂದಿಸಿ ಲಾಕ್ ಮಾಡಿ. ಬಿಚ್ಚಿ. ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಲಾಕ್ ಮಾಡಿ. ಬಿಚ್ಚಿ, ಮತ್ತೆ ಕಾಲು ಸುತ್ತು. ಕೆಲವೇ ಸಲಕ್ಕೆ ಟಿಕ್ ಎಂದು ಬಿರಿಯುತ್ತದೆ. ಉಂಗುರ ಬಗ್ಗುವುದಿಲ್ಲವಾದ್ದರಿಂದ ಬಿರಿಯುವ ತನಕ ಬೆರಳು ಹಿಚುಕುವುದಿಲ್ಲ. ಒಂದು ಕಡೆ ಮಾತ್ರ ಬಿರಿದರೆ ಪ್ಲಯರನ್ನು ತಿರುಗಿಸಿ ಬೇರೆ ಕಡೆ ಹಿಡಿಯಿರಿ. ಚೂರಿನ ಅಂಚು ಗಾಜಿನಷ್ಟು ಹರಿತ, ಎಳೆಯದೆ ಎತ್ತಿ ತೆಗೆಯಿರಿ. ಸುತ್ತಿಗೆಯಿಂದ ಹೊಡೆಯಬಾರದು. ಪ್ಲಯರನ್ನು ಒಂದೇ ಸಲಕ್ಕೆ ಜೋರಾಗಿ ಒತ್ತಲೂಬಾರದು. ಸ್ಟೀಲ್ ಅಥವಾ ಟೈಟಾನಿಯಂ ಉಂಗುರಕ್ಕೆ ಈ ವಿಧಾನ ಮಾಡಲೇಬೇಡಿ, ಅದು ಬಗ್ಗಿ ಬೆರಳೊಳಗೆ ಇಳಿಯುತ್ತದೆ.

ಊತ ಕಡಿಮೆ ಇದ್ದರೆ ಮೊದಲು ಕೈ ಮೇಲೆತ್ತಿ ತಣ್ಣೀರಿನಲ್ಲಿ ಐದು ನಿಮಿಷ ಇಟ್ಟು, ಸೋಪು ಹಚ್ಚಿ ತಿರುಗಿಸಿ ನೋಡಿ. ಆಗದಿದ್ದರೆ ದಪ್ಪ ನೂಲಿನ ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಉಳಿದ ನೂಲನ್ನು ಉಂಗುರದಿಂದ ಗೆಣ್ಣು ದಾಟುವವರೆಗೆ ಒತ್ತೊತ್ತಾಗಿ ಸುತ್ತಿ, ತೂರಿಸಿದ ತುದಿಯನ್ನು ಹಿಡಿದು ಬೆರಳ ತುದಿಯ ಕಡೆಗೆ ಬಿಚ್ಚುತ್ತಾ ಬನ್ನಿ. ಸುತ್ತು ಬಿಚ್ಚಿದಂತೆ ಉಂಗುರ ಮುಂದೆ ಸರಿಯುತ್ತದೆ. ಬೆರಳು ನೀಲಿ ಅಥವಾ ಬಿಳಿಯಾಗಿದ್ದರೆ, ಮರಗಟ್ಟಿದ್ದರೆ, ಮೂಳೆ ಮುರಿದ ಅನುಮಾನ ಇದ್ದರೆ ನೂಲಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ. ಉಂಗುರ ಕಾರ್ಬೈಡ್ ಎಂದು ಮೊದಲೇ ಹೇಳಿ.

ಇನ್ನೊಂದು ಮಾತು ಕೆಲಸ ಮಾಡುವವರಿಗೆ. ಅಡಿಕೆ ಸುಲಿಯುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಲೇತ್ ಇವುಗಳ ಹತ್ತಿರ ಯಾವ ಲೋಹದ ಉಂಗುರವೂ ಬೇಡ. ಉಂಗುರ ಸಿಕ್ಕಿ ಎಳೆದರೆ ಬೆರಳಿನ ಚರ್ಮ ಕೈಗವಸಿನಂತೆ ಕಳಚಿ ಬರುತ್ತದೆ. ಕಾರ್ಬೈಡ್ ಒಡೆದು ಬೆರಳನ್ನು ಉಳಿಸುತ್ತದೆ ಎಂದು ನಂಬಬೇಡಿ. ಎಳೆತಕ್ಕೆ ಅದು ಒಡೆಯುವುದಿಲ್ಲ. ಬ್ಯಾಟರಿ ಕೆಲಸಕ್ಕೂ ತೆಗೆದಿಡಿ. ಕಾರ್ಬೈಡ್ ವಿದ್ಯುತ್ ಹರಿಸುತ್ತದೆ, ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯ ತುದಿಗೂ ಸ್ಪ್ಯಾನರಿಗೂ ನಡುವೆ ಸಿಕ್ಕಿದರೆ ಕ್ಷಣದಲ್ಲಿ ಕಾದು ಬೆರಳನ್ನು ಸುಡುತ್ತದೆ.

ಸಾಗರದ ಉಳಿ

ಬೀಟೆ ಮರ ಕೂರಿಸಿದ ಉಂಗುರ ಚೆನ್ನಾಗಿ ಕಾಣುತ್ತೆ, ಆದರೆ ಮಲೆನಾಡಿನ ಮಳೆಗಾಲಕ್ಕೆ ಹೇಳಿದ್ದಲ್ಲ. ಮರ ತೇವ ಕುಡಿದು ಉಬ್ಬುತ್ತೆ, ಕಾರ್ಬೈಡ್ ಒಂದು ಕೂದಲಿನಷ್ಟೂ ಸರಿಯಲ್ಲ. ಕೊನೆಗೆ ಸೋಲೋದು ನಡುವಿನ ಅಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಒಣಗೋದೇ ಇಲ್ಲ ಅನ್ನೋರ ಬೆರಳಲ್ಲಿ ಒಂದೆರಡು ಮಳೆಗಾಲಕ್ಕೆ ಅಂಚು ಏಳುತ್ತೆ.

ಬೇಕೇ ಬೇಕು ಅಂದರೆ ಮರವನ್ನ ನಿರ್ವಾತದಲ್ಲಿ ರೆಸಿನ್ ಕುಡಿಸಿ ಗಟ್ಟಿ ಮಾಡಿದ್ದಾ ಕೇಳಿ. ಮರ ಕೂರಿಸೋಕೆ ತೋಡಿದ ಕಾಲುವೆಯ ಆಳ 0.8 ಮಿಮೀ ಆದರೂ ಇರಬೇಕು, ತಳದ ಮೂಲೆ ಚೌಕವಾಗಿರದೆ ಸ್ವಲ್ಪ ಗುಂಡಗಿರಬೇಕು. ಚೌಕ ಮೂಲೆಯಿಂದಲೇ ಬಿರುಕು ಹೊರಡೋದು. ಕಾಲುವೆ ತೋಡಿದ ಮೇಲೆ ಕೆಳಗೆ 1.4 ಮಿಮೀ ಕಾರ್ಬೈಡ್ ಉಳಿಯದಿದ್ದರೆ ಬೇಡ. ಕೆಲಸದ ಕೈಗೆ ಬರೀ ಕಾರ್ಬೈಡ್ ಒಳ್ಳೆಯದು.

ಕಪ್ಪು, ಚಿನ್ನದ ಬಣ್ಣದವೂ ಅಷ್ಟೇ. ಬಣ್ಣ ಅಂದರೆ ಬರೀ ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪದ ಪದರ. ನಿರ್ವಾತದಲ್ಲಿ ಕೂರಿಸಿದ ಟೈಟಾನಿಯಂ ನೈಟ್ರೈಡ್ ಸ್ವಲ್ಪ ಕಾಲ ತಡೆಯುತ್ತೆ, ಚಿನ್ನದ ನೀರು ಕುಡಿಸಿದ್ದು ಗುದ್ದಲಿ ಹಿಡಿಗೆ ಒಂದು ಹಂಗಾಮು ತಡೆಯಲ್ಲ. ಅಂಗೈ ಕಡೆಯಿಂದ ಮೊದಲು ಬೂದು ಬಣ್ಣ ಹೊರಬರುತ್ತೆ.

ಕೋಣಂದೂರು ವೆಲ್ಡರ್

ಪಂಪಿನ ಶಾಫ್ಟಿನಲ್ಲಿ ನೀರು ಸೋರದಂತೆ ತಡೆಯೋ ಹಳೆ ಮೆಕ್ಯಾನಿಕಲ್ ಸೀಲಿನಲ್ಲಿ ಕಾರ್ಬೈಡ್ ರಿಂಗ್ ಇರತ್ತೆ. ಅದನ್ನೇ ಉಜ್ಜಿ ಉಂಗುರ ಮಾಡಬಹುದಾ? ವಸ್ತು ಪುಕ್ಕಟೆ ಸಿಗತ್ತೆ.

ಮಾಚೇನಹಳ್ಳಿ ಲೇತ್

ಆಗತ್ತೆ, ಆದರೆ ಮೊದಲು ಮ್ಯಾಗ್ನೆಟ್ ಹಿಡೀರಿ. ಸೀಲಿನ ರಿಂಗಿನಲ್ಲಿ ಕೋಬಾಲ್ಟೂ ಇರತ್ತೆ, ನಿಕಲ್ಲೂ ಇರತ್ತೆ. ಎಳೆದುಕೊಂಡರೆ ಬಿಟ್ಟುಬಿಡಿ. ಸಾಂದ್ರತೆಯನ್ನೂ ನೋಡಿ, ಸಿಲಿಕಾನ್ ಕಾರ್ಬೈಡ್ ಸೀಲೂ ಇರ್ತವೆ, ಅವು ಕಪ್ಪಗೆ, ಹಗುರ, ಸಾಂದ್ರತೆ 3.1. ಉಂಗುರಕ್ಕೆ ಅವು ಆಗಲ್ಲ.

ಒಳಗಿನ ತೂತು ದೊಡ್ಡದು ಮಾಡಬೇಕಾದರೆ ವೈರ್ ಕಟ್ ಇಡಿಎಂ (ತಂತಿಯಿಂದ ವಿದ್ಯುತ್ ಕಿಡಿ ಹೊಡೆಸಿ ಕತ್ತರಿಸೋ ಯಂತ್ರ) ಇರೋ ಕಡೆ ಕೊಡಿ. ವಿದ್ಯುತ್ ಹರಿಸೋ ವಸ್ತು ಆದ್ದರಿಂದ ಕತ್ತರಿಸತ್ತೆ. ಕಿಡಿ ಹೊಡೆದ ಮುಖದಲ್ಲಿ ಕರಗಿ ಹೆಪ್ಪುಗಟ್ಟಿದ ಪದರ, ಅದರ ತುಂಬ ಸೂಕ್ಷ್ಮ ಬಿರುಕು ಇರತ್ತೆ. ಅದನ್ನ ಹಾಗೇ ಬಿಟ್ಟರೆ ಉಂಗುರ ಬಾಳಲ್ಲ. 0.05 ಮಿಮೀ ಆದರೂ ಡೈಮಂಡ್ ವೀಲಿನಲ್ಲಿ ತೆಗೀಬೇಕು. ಆಮೇಲೆ ಅಂಚಿಗೆ ಅರ್ಧ ಮಿಮೀ ಗುಂಡು ಕೊಡಿ. ಪಾಲಿಶ್ 6 ಮೈಕ್ರಾನ್ ಡೈಮಂಡ್ ಪೇಸ್ಟ್, ನಂತರ 3, ಕೊನೆಗೆ 1. ಒಂದು ಪೇಸ್ಟಿನಿಂದ ಇನ್ನೊಂದಕ್ಕೆ ಹೋಗೋ ಮೊದಲು ಸೋಪು ನೀರಲ್ಲಿ ತೊಳೆದು ಬಟ್ಟೆ ಬದಲಿಸಿ. 6ರ ಒಂದು ಕಣ 1ರ ಬಟ್ಟೆಗೆ ಬಂದರೆ ಮತ್ತೆ ಮೊದಲಿಂದ.

ನೀರಿಲ್ಲದೆ ಒಣದಾಗಿ ಗ್ರೈಂಡ್ ಮಾಡಬೇಡಿ ದಯವಿಟ್ಟು. ಕೋಬಾಲ್ಟ್ ಇರೋ ಕಾರ್ಬೈಡ್ ಧೂಳು ಶ್ವಾಸಕೋಶವನ್ನ ಗಟ್ಟಿ ಮಾಡತ್ತೆ, ಹಾಳಾದದ್ದು ವಾಪಸ್ ಬರಲ್ಲ. ನಿಕಲ್ ಧೂಳೂ ಒಳ್ಳೆಯದಲ್ಲ. ನೀರು ಹರಿಸಿಯೇ ಉಜ್ಜಿ, ನುಣ್ಣನೆ ಧೂಳು ತಡೆಯೋ ಎಫ್‌ಎಫ್‌ಪಿ3 ಮಾಸ್ಕ್ ಹಾಕಿ, ಕೆಸರು ಒಣಗಿ ಹಾರೋ ಮೊದಲು ತೊಳೆದು ತೆಗೀರಿ. ಕೈವಸ್ತ್ರ ಕಟ್ಟಿಕೊಂಡರೆ ಏನೂ ತಡೆಯಲ್ಲ.

ಗಾಂಧಿ ಬಜಾರ್ ತಕ್ಕಡಿ

ಒಂದು ಬಿಟ್ಟುಹೋಗಿತ್ತು. ಪಕ್ಕದ ಬೆರಳಲ್ಲಿ ಚಿನ್ನದ ಉಂಗುರ ಇದ್ದರೆ ಕಾರ್ಬೈಡನ್ನು ಬೇರೆ ಕೈಗೆ ಹಾಕಿ. ಅದು ಚಿನ್ನವನ್ನು ಅರದಂತೆ ತಿನ್ನುತ್ತದೆ. ಫೋನಿನ ಗಾಜಿಗೂ ಗೀರು ಹಾಕುತ್ತದೆ. ಮೆಟ್ಟುಗತ್ತಿಯ ಬಾಯಿಗೆ ತಾಗಿದರೆ ಹಾಳಾಗುವುದು ಕತ್ತಿ, ಉಂಗುರ ಅಲ್ಲ. ತೆಗೆದಿಡುವಾಗ ಬಚ್ಚಲ ಕಟ್ಟೆಯ ಮೇಲೆ ಇಡಬೇಡಿ, ಗ್ರಾನೈಟ್ ಮೇಲಿಂದ ಟೈಲ್ಸ್‌ಗೆ ಬೀಳುವುದೇ ಇದು ಒಡೆಯುವ ಸಾಮಾನ್ಯ ದಾರಿ. ಗೋಡೆಗೆ ಒಂದು ಕೊಕ್ಕೆ ಹೊಡೆದು ನೇತುಹಾಕಿ.

ತೋಟದಮನೆ

ನಿಕಲ್ ಬೈಂಡರ್, 6 ಮಿಮೀ ಅಗಲ, 2.2 ದಪ್ಪ, ಬಣ್ಣ ಇಲ್ಲದ್ದು, ಮರ ಇಲ್ಲದ್ದು, ಇದಕ್ಕೆ ಬಂದು ನಿಂತಿದ್ದೇವೆ. ಒಳಗೆ ಹೆಸರು ಕನ್ನಡದಲ್ಲೇ ಬರೆಸಬೇಕು. ಕೆತ್ತೋಕೆ ಆಗತ್ತಾ, ಕೆತ್ತಿದರೆ ಒಡೆಯತ್ತಾ?

ಸಾಗರದ ಉಳಿ

ಉಳಿಯಲ್ಲಿ ಆಗಲ್ಲ, ಫೈಬರ್ ಲೇಸರಿನಲ್ಲಿ ಆಗುತ್ತೆ. ಆಳ 0.02ರಿಂದ 0.03 ಮಿಮೀ ಸಾಕು, ಓದೋಕೆ ಸಿಗುತ್ತೆ, ಉಂಗುರದ ಬಲ ಕೆಡಲ್ಲ. ಹೆಚ್ಚು ಆಳಕ್ಕೆ ಹೋದರೆ ಶಾಖಕ್ಕೆ ಮೇಲ್ಮೈಯಲ್ಲಿ ಸಣ್ಣ ಬಿರುಕು ಬರುತ್ತೆ, ಅಂಚಿನ ಹತ್ತಿರವಂತೂ ಕೆತ್ತಿಸಲೇಬೇಡಿ.

ಕನ್ನಡಕ್ಕೆ ಎರಡು ಎಚ್ಚರಿಕೆ ಬೇಕು. ಇಂಗ್ಲಿಷ್ ಅಕ್ಷರಕ್ಕೆ 1.5 ಮಿಮೀ ಎತ್ತರ ಸಾಕು. ನಮ್ಮದಕ್ಕೆ ಒತ್ತು ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಏರುತ್ತೆ, ಹಾಗಾಗಿ ಎಲ್ಲ ಸೇರಿ 2.5 ಮಿಮೀ ಲೆಕ್ಕ ಹಾಕಿ. 6 ಮಿಮೀ ಅಗಲದಲ್ಲಿ ಒಂದೇ ಸಾಲು. ಗೆರೆ ದಪ್ಪ ಒಂದೇ ಸಮ ಇರೋ ಅಕ್ಷರವಿನ್ಯಾಸ ತಗೊಳ್ಳಿ, ತೆಳು ದಪ್ಪ ಇರೋದು ಒಳಗೆ ಮಸುಕಾಗುತ್ತೆ. ಇನ್ನೊಂದು, ಲೇಸರ್ ಯಂತ್ರದ ಎಷ್ಟೋ ಸಾಫ್ಟ್‌ವೇರ್‌ಗೆ ಯುನಿಕೋಡ್ ಕನ್ನಡ ಬರಲ್ಲ. ಒತ್ತಕ್ಷರ ಬಿಡಿಸಿಕೊಂಡು "ಲಕ್ಷ್ಮಿ" ಅನ್ನೋದು "ಲಕ್‌ಷ್‌ಮಿ" ಆಗಿ ಕೂರುತ್ತೆ, ಕೆತ್ತಿದ ಮೇಲೆ ಅಳಿಸೋಕೆ ಆಗಲ್ಲ. ವಾಟ್ಸಾಪಿನಲ್ಲಿ ಹೆಸರು ಟೈಪ್ ಮಾಡಿ ಕಳಿಸಬೇಡಿ. ಡಿಟಿಪಿ ಅಂಗಡಿಯಲ್ಲಿ ಅಕ್ಷರವನ್ನ ಗೆರೆರೂಪಕ್ಕೆ ಬದಲಿಸಿ, ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಕಡತ ಮಾಡಿಸಿ ಕೊಡಿ. ಮೊದಲು ಒಂದು ಸ್ಟೀಲ್ ತಗಡಿನ ಮೇಲೆ ಅದೇ ಅಳತೆಯಲ್ಲಿ ಹೊಡೆಸಿ, ಓದಿ ನೋಡಿ, ಆಮೇಲೆ ಉಂಗುರ ಯಂತ್ರಕ್ಕೆ ಹಾಕಿಸಿ.